ಅಡ ಇಟ್ಟ ಹೆಸರು

ನಮ್ಮ ಅತ್ತೆಯವರು ಸತ್ಯವೇದವನ್ನು ಬೆರಳಿಟ್ಟು, ನಿಧಾನವಾಗಿ, ಒಂದಕ್ಷರ ಬಿಡದೆ ಓದುತ್ತಿದ್ದರು. ಹೊಸ ಒಡಂಬಡಿಕೆಯ ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ, ಮಾರ್ಕ, ಲೂಕ ಎಂಬ ಮೂರು ಹೆಸರುಗಳನ್ನು ಗಟ್ಟಿಯಾಗಿಯೇ ಹೇಳುವರು. ನಾಲ್ಕನೆಯದಕ್ಕೆ ಬಂದಾಗ ಮಾತ್ರ ದನಿ ತಗ್ಗಿಸಿ "ಲೂಕನ ಪಕ್ಕದ್ದು" ಎನ್ನುವರು. ಕಾರಣ ಇಷ್ಟೇ. ಆ ಸುವಾರ್ತೆಯ ಹೆಸರೂ ನಮ್ಮ ಮಾವನವರ ಹೆಸರೂ ಒಂದೇ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದುಂಟೆ? ಅದು ಯಾವ ಹೆಸರೆಂದು ಬರೆಯಲು ಸೊಸೆಯಾದ ನನ್ನ ಕೈಯೂ ಬರುತ್ತಿಲ್ಲ. ಬೇಕಿದ್ದರೆ ನೀವೇ ಯಾವುದಾದರೂ ಸತ್ಯವೇದದ ಪರಿವಿಡಿ ತೆರೆದು ನೋಡಿಕೊಳ್ಳಿ.

ಪಾಪ, ಅವರ ಕಷ್ಟ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಅದೇ ಹೆಸರಿನ ಮೂರು ಪತ್ರಿಕೆಗಳು ಕೊನೆಯಲ್ಲಿ ಕಾದು ಕುಳಿತಿದ್ದವು. ಯೊರ್ದನ್ ಹೊಳೆಯಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವರ ಹೆಸರೂ ಅದೇ. ಅವರು ಅತ್ತೆಯವರ ಬಾಯಲ್ಲಿ "ಸ್ನಾನ ಮಾಡ್ಸಿದೋರು" ಆಗಿದ್ದರು. ಒಮ್ಮೆ ಜನಗಣತಿಯವರು ಬಂದು "ಯಜಮಾನರ ಹೆಸರೇನಮ್ಮಾ?" ಎಂದು ಕೇಳಿದಾಗ ಅತ್ತೆಯವರು ಒಳಗಿನಿಂದ ಸತ್ಯವೇದ ತಂದು, ಪುಟ ತೆಗೆದು, ಬೆರಳಿಟ್ಟು ತೋರಿಸಿದರು. ಬಂದವರು ಮೇಷ್ಟರು. ಓದಿ, ನಕ್ಕು, ಬರೆದುಕೊಂಡು ಹೋದರು.

ಉತ್ತರ ಕರ್ನಾಟಕದ ಕಡೆ ಹೊಸ ಮದುವಣಗಿತ್ತಿಗೆ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಸಂಭ್ರಮವಾದರೂ ಇದೆ. ನಮ್ಮ ಕೋಲಾರದ ಸೀಮೆಯ ಅತ್ತೆಯವರಿಗೆ ಅದೂ ಇರಲಿಲ್ಲ. ನಾನು ಹೊಸದರಲ್ಲಿ ತಮಾಷೆ ಮಾಡಿದಾಗ ಅವರು ಹೇಳಿದ್ದು ಈಗಲೂ ನೆನಪಿದೆ: "ಹೆಸರು ಅನ್ನೋದು ಹಿತ್ತಾಳೆ ಪಾತ್ರೆ ಕಣಮ್ಮ. ಸುಮ್ಸುಮ್ನೆ ತಿಕ್ಕಿದ್ರೆ ಕಲಾಯಿ ಹೋಗ್ತದೆ."

ಮುಂದೆ ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಒಬ್ಬ ಅಯ್ಯನವರು ಯೆಹೂದ್ಯರ ವಿಷಯ ಹೇಳಿದಾಗ ನನಗೆ ಅತ್ತೆಯವರೇ ಕಣ್ಣ ಮುಂದೆ ಬಂದರು. ಹಳೆಯ ಒಡಂಬಡಿಕೆಯಲ್ಲಿ ದೇವರ ಸ್ವಂತ ಹೆಸರು ಹೀಬ್ರೂ ಭಾಷೆಯ ನಾಲ್ಕು ವ್ಯಂಜನಗಳಲ್ಲಿದೆ. ಭಯಭಕ್ತಿಯಿಂದ ಯೆಹೂದ್ಯರು ಅದನ್ನು ಉಚ್ಚರಿಸುವುದಿಲ್ಲ. ಓದುತ್ತಾ ಆ ಅಕ್ಷರಗಳು ಬಂದಾಗ 'ಅದೋನಾಯ್', ಅಂದರೆ 'ನನ್ನ ಒಡೆಯ', ಎಂದು ಓದುತ್ತಾರೆ. ಓದುವವರಿಗೆ ನೆನಪಾಗಲೆಂದು ಆ ವ್ಯಂಜನಗಳಿಗೆ ಈ ಬದಲಿ ಪದದ ಸ್ವರಚಿಹ್ನೆಗಳನ್ನು ಸೇರಿಸಿ ಬರೆದಿಟ್ಟರು. ನೂರಾರು ವರ್ಷಗಳ ನಂತರ ಯೂರೋಪಿನವರು ಎರಡನ್ನೂ ಕೂಡಿಸಿ ಓದಿದ್ದರಿಂದ ನಮ್ಮ ಹಳೆಯ ಕನ್ನಡ ಸತ್ಯವೇದದ 'ಯೆಹೋವ' ಎಂಬ ರೂಪ ಬಂತು. ಬಂಗಾರಪೇಟೆಯ ನಮ್ಮ ಅತ್ತೆಯವರಿಗೂ ಜೆರುಸಲೇಮಿನ ಶಾಸ್ತ್ರಿಗಳಿಗೂ ಎಷ್ಟೊಂದು ಹೋಲಿಕೆ ನೋಡಿ! "ಲೂಕನ ಪಕ್ಕದ್ದು" ಎಂಬುದೂ ಒಂದು ಅದೋನಾಯ್ ತಾನೆ?

ನಾನು ಹುಟ್ಟಿ ಬೆಳೆದದ್ದು ಮಾತ್ರ ದೇವರ ಹೆಸರನ್ನು ಕೂಗಿ ಹೇಳುವ ಊರಿನಲ್ಲಿ. ನಮ್ಮಪ್ಪ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಪಾತಾಳಕ್ಕಿಳಿದು ಕೆಲಸ ಮಾಡುತ್ತಿದ್ದವರು. ಪಾತಾಳ ಎಂದದ್ದು ಅಲಂಕಾರಕ್ಕಲ್ಲ, ಆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಕೇಜಿನ ಬಾಗಿಲು ಮುಚ್ಚಿ, ಗಂಟೆ ಹೊಡೆದು, ಕಾಲ ಕೆಳಗಿನ ನೆಲವೇ ಕಳಚಿದಂತೆ ಅದು ಇಳಿಯತೊಡಗಿದಾಗ ಒಳಗಿದ್ದವರೆಲ್ಲ ಒಂದೊಂದು ಹೆಸರು ಕರೆಯುತ್ತಿದ್ದರಂತೆ. ಒಬ್ಬರು ಮುರುಗಾ, ಒಬ್ಬರು ಯೇಸಪ್ಪಾ, ಒಬ್ಬರು ಅಲ್ಲಾ, ಇನ್ನೊಬ್ಬರು ಬುದ್ಧಂ ಶರಣಂ. ಬುದ್ಧ ಎಂದರೆ ಆಶ್ಚರ್ಯಪಡಬೇಡಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಪಂಡಿತ ಅಯೋತ್ತಿದಾಸರ ಪ್ರಭಾವದಿಂದ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಬೇರೂರಿತ್ತು. "ಮೇಲೆ ಬಂದ್ಮೇಲೆ ಯಾರೂ ಅಷ್ಟು ಗಟ್ಟಿಯಾಗಿ ಕರೆಯೋಲ್ಲ" ಎಂದು ಅಪ್ಪ ನಗುತ್ತಿದ್ದರು. ಬಂಡೆ ಸಿಡಿದರೆ ನಮ್ಮ ಲೈನಿನ ಮನೆಗಳ ಪಾತ್ರೆಗಳು ಅಲುಗಾಡುತ್ತಿದ್ದವು. ಆಗ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ಅದೇ ಹೆಸರುಗಳನ್ನು ಕರೆಯುತ್ತಿದ್ದೆವು. ನಮಗೆ ದೇವರ ಹೆಸರು ಎಂದರೆ ಕೇಜಿನ ಹಗ್ಗದ ಹಾಗೆ, ಹಿಡಿದುಕೊಳ್ಳಲು ಇದ್ದದ್ದು. ಅದಕ್ಕೆ ಕಲಾಯಿ ಹೋಗುತ್ತದೆಯೇ ಎಂದು ಯೋಚಿಸಲು ಪುರಸೊತ್ತಿರಲಿಲ್ಲ.

1984ರಲ್ಲಿ ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ರೈಲು ಬಂಗಾರಪೇಟೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಅಷ್ಟರಲ್ಲಿಯೇ ಪ್ರಾರ್ಥನೆಯ ಭಾಷೆ ಬದಲಾಗುತ್ತದೆ. ತವರಿನಲ್ಲಿ ತಮಿಳು, ಇಲ್ಲಿ ಕನ್ನಡ. ಬಂದ ಮೊದಲ ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಆರಂಭಿಸಿದಾಗ ನನ್ನ ನಾಲಗೆ ತಾನಾಗಿಯೇ ತಮಿಳಿಗೆ ಹೊರಳಿತು. ನಾಚಿಕೆಯಿಂದ ನಿಲ್ಲಿಸಿಬಿಟ್ಟೆ. ಅತ್ತೆಯವರು ಕಣ್ಣು ತೆರೆಯದೆಯೇ "ಹೇಳು, ಹೇಳು. ಆತನಿಗೆ ಅರ್ಥವಾಗ್ತದೆ" ಎಂದರು.

ದೇವರನ್ನು ಹೆಸರಿಸುವಲ್ಲಿ ನಮ್ಮ ಭಾಷೆಗಳು ಪಟ್ಟಿರುವ ಪಾಡು ದೊಡ್ಡದು. ಹೀಬ್ರೂವಿನ ಆ ನಾಲ್ಕಕ್ಷರಕ್ಕೆ ತಮಿಳಿನ ಸತ್ಯವೇದ 'ಕರ್ತರ್' ಎಂದಿತು. ತೆಲುಗು, ಕನ್ನಡಗಳಲ್ಲಿ 'ಯೆಹೋವ' ನಿಂತಿತು. ಆಮೇಲೆ ಬಂದ ಆಡುಗನ್ನಡದ ಅನುವಾದ 'ಸರ್ವೇಶ್ವರ' ಎಂಬುದನ್ನು ಆರಿಸಿಕೊಂಡಿತು. ಸಂಪೂರ್ಣ ಕನ್ನಡ ಸತ್ಯವೇದ ಮೊದಲು ಅಚ್ಚಾದದ್ದು 1831ರಲ್ಲಿ. ಅಂದಿನಿಂದಲೂ ಯಾವ ಪದ ದೇವರಿಗೆ ತಕ್ಕದ್ದು ಎಂಬ ಹುಡುಕಾಟ ನಡೆದೇ ಇದೆ. ಅದು ಪಂಡಿತರ ಕೆಲಸ. ನಮ್ಮಂಥವರಿಗೆ ಉಳಿಯುವ ಪ್ರಶ್ನೆ ಬೇರೆ.

ಕರ್ತನ ಪ್ರಾರ್ಥನೆಯಲ್ಲಿ ದೇವರನ್ನು ತಂದೆಯೆಂದು ಕರೆದ ಮೇಲೆ ಬರುವ ಮೊಟ್ಟಮೊದಲ ಬೇಡಿಕೆ ಅನ್ನದ್ದಲ್ಲ, ಕ್ಷಮೆಯದ್ದೂ ಅಲ್ಲ. ಅವೆಲ್ಲ ಆಮೇಲೆ. ಮೊದಲು ಕೇಳುವುದು ದೇವರ ಹೆಸರಿಗೆ ಸಲ್ಲಬೇಕಾದ ಪವಿತ್ರತೆ ಸಲ್ಲಲಿ ಎಂದು. ಶಾಲೆಯಲ್ಲಿ ನಮಗೆ ಕರ್ತರಿ, ಕರ್ಮಣಿ ಪ್ರಯೋಗ ಹೇಳಿಕೊಟ್ಟಿದ್ದರಲ್ಲ, ರಾಮನಿಂದ ಹಣ್ಣು ತಿನ್ನಲ್ಪಟ್ಟಿತು ಎಂದು? ಈ ಬೇಡಿಕೆಯೂ ಕರ್ಮಣಿಯಲ್ಲಿದೆ, ಮೂಲ ಗ್ರೀಕಿನಲ್ಲಿಯೂ ಹಾಗೆಯೇ. ಯಾರಿಂದ ಎಂಬುದು ಮಾತ್ರ ಅದರಲ್ಲಿಲ್ಲ. ದಿನಕ್ಕೆರಡು ಸಲ ಹೇಳುತ್ತಿದ್ದರೂ 'ಯಾರಿಂದ?' ಎಂದು ನಾನು ಕೇಳಿಕೊಂಡವಳೇ ಅಲ್ಲ. ಕೇಳಿಕೊಳ್ಳುವಂತಾದದ್ದು ಒಂದು ಚೀಟಿಯಿಂದ.

ಚೀಟಿಯೆಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 2000ನೇ ಇಸವಿಯ ಜೂನ್‌ನಲ್ಲಿ ನಾನೊಂದು ಚೀಟಿ ಕಟ್ಟಿದೆ. 20 ಜನ ಹೆಂಗಸರು, ತಿಂಗಳಿಗೆ 500 ರೂಪಾಯಿ, 20 ತಿಂಗಳು. ಹರಾಜಿಲ್ಲ, ಹೆಸರು ಬರೆದ ಕಾಗದಗಳನ್ನು ಡಬ್ಬಿಗೆ ಹಾಕಿ ಎತ್ತುವುದು. ಮೊದಲ ಚೀಟಿ ಕಟ್ಟಿದವಳಿಗೆ, ಅಂದರೆ ನನಗೆ. ಅರ್ಧದಷ್ಟು ಜನ ನನ್ನ ತವರಿನ ಕಡೆಯ ಗಣಿಯ ಮನೆಗಳವರು, ಉಳಿದವರು ಬಂಗಾರಪೇಟೆಯ ಅಕ್ಕಪಕ್ಕದವರು. ನಮ್ಮವರೂ ಇದ್ದರು, ಹಿಂದೂಗಳೂ ಮುಸ್ಲಿಮರೂ ಇದ್ದರು. ನಿಮ್ಮ ಮನೆಗಳಲ್ಲಿ ಲೆಕ್ಕದ ಪುಸ್ತಕದ ತಲೆಯಲ್ಲಿ 'ಶ್ರೀ' ಬರೆಯುವ ಹಾಗೆ ನಾನು ಶಿಲುಬೆ ಬರೆದು, ಅದರ ಕೆಳಗೆ 'ದೇವರಿಗೆ ಸ್ತೋತ್ರ' ಎಂದು ಬರೆದೆ. ಡಬ್ಬಿ ಅಲುಗಾಡಿಸುವ ಮೊದಲು ಕಣ್ಣು ಮುಚ್ಚಿ ಚಿಕ್ಕದೊಂದು ಪ್ರಾರ್ಥನೆ. ಬಂದವರೆಲ್ಲ ತಲೆಯ ಮೇಲೆ ಸೆರಗು ಹಾಕಿಕೊಳ್ಳುತ್ತಿದ್ದರು. ಎಷ್ಟು ಚೆಂದ ಎಂದುಕೊಳ್ಳುತ್ತಿದ್ದೆ.

ನಮ್ಮ ಬೀದಿಯ ತಿರುವಿನಲ್ಲಿ ಕನಕಾಂಬರ, ಮಲ್ಲಿಗೆ ಕಟ್ಟಿ ಮಾರುತ್ತಿದ್ದ ಹೂವಿನಕ್ಕನೂ ಚೀಟಿಗೆ ಸೇರಿದ್ದಳು. ಏಪ್ರಿಲ್ ಕೊನೆಯಲ್ಲಿ ಮಗಳ ಮದುವೆ, ಅದಕ್ಕೇ ಏಪ್ರಿಲ್ ತಿಂಗಳ ಚೀಟಿ ಆಕೆಗೆ ಎಂದು ಮೊದಲೇ ಎಲ್ಲರೂ ಒಪ್ಪಿದ್ದೆವು. ಪ್ರತಿ ತಿಂಗಳು ಹತ್ತರ ನೋಟು, ಐದರ ನಾಣ್ಯ ಎಲ್ಲವನ್ನೂ ಬಾಳೆಯ ಪಟ್ಟೆಯಲ್ಲಿ ಸುತ್ತಿಕೊಂಡು ಬಂದು ಮೊದಲು ಕೊಡುವವಳು ಆಕೆಯೇ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಬ್ರಿಟಿಷ್ ಕಂಪನಿಯ ಕಾಲದಲ್ಲಿ, 1880ರಲ್ಲಿ, ಆರಂಭವಾದ ಕೆಲಸ ಅಂದು ನಿಂತಿತು. ನಮ್ಮ ಮನೆಯವರು ಗಣಿಯ ವರ್ಕ್‌ಶಾಪಿನಲ್ಲಿದ್ದರು. ಬೆಳಗಿನ ರೈಲಿಗೆ ಡಬ್ಬಿ ಕಟ್ಟುವ ಕೆಲಸ ನನಗೂ ತಪ್ಪಿತು. ಚೀಟಿ ಎತ್ತಿದ 9 ಜನರಲ್ಲಿ 6 ಜನ ಗಣಿಯ ಮನೆಯವರು. ಅವರ ಕಂತು ನಿಂತಿತು. ಯಾರನ್ನು ಏನೆಂದು ಕೇಳುವುದು? ಅವರ ಒಲೆಯೇ ಆರಿತ್ತು. ಮಾರ್ಚ್‌ನಲ್ಲಿ 14 ಜನ ಕೊಟ್ಟ 7,000ಕ್ಕೆ ನನ್ನ ಉಳಿತಾಯದ 3,000 ಸೇರಿಸಿ ಆ ತಿಂಗಳ ಚೀಟಿ ಕೊಟ್ಟೆ. ಏಪ್ರಿಲ್‌ನಲ್ಲಿ ಇನ್ನಿಬ್ಬರು ಹೆದರಿ ನಿಲ್ಲಿಸಿದರು. ಕೈಗೆ ಬಂದದ್ದು 6,000.

ಆ 6,000ವನ್ನಾದರೂ ಹೂವಿನಕ್ಕನಿಗೆ ಕೊಟ್ಟು ಇದ್ದ ವಿಷಯ ಇದ್ದ ಹಾಗೆ ಹೇಳಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ನಾನು ಹಾಗೆ ಮಾಡಲಿಲ್ಲ. ಎರಡು ತಿಂಗಳ ಅಂಗಡಿ ಬಾಕಿ, ಅತ್ತೆಯವರ ರಕ್ತದೊತ್ತಡದ ಮಾತ್ರೆ, ಮಗನ ಟ್ಯೂಷನ್ ಹೀಗೆ ಹತ್ತು ದಿನದಲ್ಲಿ ಅದು ಕರಗಿತು. ಇವರಿಗೆ ಗಣಿಯಿಂದ ಬರಬೇಕಾದ ಹಣ ಇನ್ನೇನು ಬರುತ್ತದೆ, ಆಗ ಸರಿಪಡಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಹೂವಿನಕ್ಕ ಬಂದು ಕೇಳಿದಳು. ಅವಳ ಮುಖ ನೋಡಲಾಗದೆ ಅವಳ ಹೂಬುಟ್ಟಿ ನೋಡುತ್ತಾ ಹೇಳಿದೆ: "ದೇವರ ಹೆಸರಲ್ಲಿ ಹೇಳ್ತಿದೀನಿ ಅಕ್ಕ, ಶುಕ್ರವಾರ ನಿಮ್ಮ ದುಡ್ಡು ನಿಮ್ಮ ಕೈಲಿರ್ತದೆ."

ಶುಕ್ರವಾರ ದುಡ್ಡು ಇರುವುದಿಲ್ಲವೆಂದು ಗೊತ್ತಿದ್ದೇ ಹೇಳಿದೆ. ಆಕೆಯನ್ನು ಆ ಕ್ಷಣ ಬಾಗಿಲಿನಿಂದ ಕಳುಹಿಸಬೇಕಾಗಿತ್ತು. ಬರೀ ನನ್ನ ಮಾತು ಅದಕ್ಕೆ ಸಾಲದು ಎನಿಸಿತು. ಅದಕ್ಕೇ ದೇವರ ಹೆಸರನ್ನು ಎಳೆದು ತಂದೆ.

ಶುಕ್ರವಾರ ನಾನು ಮನೆಯಲ್ಲಿರಲಿಲ್ಲ. ತವರಿಗೆ ಹೋಗಿದ್ದೆ. ಸೋಮವಾರ ಆಕೆ ಬಂದಳು. ಜಗಳವಾಡಲಿಲ್ಲ. ಮೀಟರ್ ಬಡ್ಡಿಗೆ ಸಾಲ ತೆಗೆದು ಮದುವೆಯ ಸಾಮಾನು ತಂದದ್ದಾಗಿತ್ತು. ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದಳು: "ನಿನ್ನ ನೋಡಿ ಕೊಡ್ಲಿಲ್ಲಮ್ಮ ನಾನು. ಸ್ವಾಮಿ ಹೆಸರು ಹೇಳ್ದೆ ಇವ್ರು ಒಂದು ರೂಪಾಯಿ ಮುಟ್ಟೋದಿಲ್ಲ ಅಂತ ಕೊಟ್ಟಿದ್ದೆ." ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಒಳಗೆ ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲೆಕ್ಕದ ಪುಸ್ತಕ ತರಿಸಿ ಸಾಲು ಸಾಲಾಗಿ ಓದಿಸಿದರು. ಬೈಯುತ್ತಾರೆಂದುಕೊಂಡಿದ್ದೆ. "ಬಳೆ ಅಡ ಇಟ್ಟಿದ್ರೆ ಬಳೆ ಹೋಗ್ತಿತ್ತು. ನೀನು ಹೆಸರನ್ನ ಅಡ ಇಟ್ಟಿದೀಯ. ಅದೂ ನಿಂದಲ್ಲದ್ದು. ಬಡ್ಡಿ ಏರೋಕ್ ಮುಂಚೆ ಬಿಡಿಸ್ಕೊಂಡು ಬಾ" ಎಂದರು. ಆಮೇಲೆ ಪುಸ್ತಕದಲ್ಲಿ ಮಾತ್ರೆಯ ಲೆಕ್ಕದ ಮೇಲೆ ಬೆರಳಿಟ್ಟು, "ಇದ್ರಲ್ಲಿ ನನ್ ಪಾಲೂ ಅದೆ" ಎಂದು ಕಿವಿಯ ಓಲೆ ಬಿಚ್ಚತೊಡಗಿದರು. ಓಲೆಯ ತಿರುಪು ವರ್ಷಗಳಿಂದ ಬಿಗಿದುಕೊಂಡಿತ್ತು. ಎಣ್ಣೆ ಬಿಟ್ಟು ಬಿಚ್ಚಿದ್ದು ನಾನೇ. ಆ ಕೆಲಸಕ್ಕೆ ಹಿಡಿದ ಐದು ನಿಮಿಷಗಳನ್ನು ಮರೆಯಲಾರೆ.

ನನ್ನ ಎರಡು ಬಳೆ, ಅವರ ಒಂದು ಜೊತೆ ಓಲೆ. ಮಾರಿದಾಗ ಬಂದದ್ದು 10,000ಕ್ಕೆ 300 ಕಡಿಮೆ. ಆ 300 ಇವರು ಎಲ್ಲಿಂದಲೋ ತಂದರು. ಹೂವಿನಕ್ಕನ ಮನೆಗೆ ನಾನೊಬ್ಬಳೇ ಹೋಗಬೇಕೆಂದು ಅತ್ತೆಯವರ ಕಟ್ಟಪ್ಪಣೆ. ಸುಳ್ಳು ಹೇಳಿದ್ದೆನೆಂದು ಬಾಯಿಬಿಟ್ಟು ಹೇಳಿ ದುಡ್ಡು ಕೊಟ್ಟೆ. ಆಕೆ ಎರಡು ಸಲ ಎಣಿಸಿದಳು. ಒಂದು ತಿಂಗಳ ಹಿಂದೆ ಆಗಿದ್ದರೆ ಎಣಿಸುತ್ತಿರಲಿಲ್ಲ. ಉಳಿದ 9 ಜನರಿಗೆ ಅವರವರು ಕಟ್ಟಿದ್ದನ್ನು ಹಿಂದಿರುಗಿಸಲು 2005ರವರೆಗೆ ಹಿಡಿಯಿತು. ಕಂತು ನಿಲ್ಲಿಸಿದ್ದ ಗಣಿಯ ಮನೆಯವರಲ್ಲಿ ಮೂವರು ತಮ್ಮ ಹಣ ಬಂದ ಮೇಲೆ ಹುಡುಕಿಕೊಂಡು ಬಂದು ಕೊಟ್ಟರು. ಉಳಿದದ್ದು ನನ್ನ ಹೊಲಿಗೆ ಯಂತ್ರದ ಮೇಲೆ ಬಿತ್ತು.

ಆ ನಾಲ್ಕು ವರ್ಷ ಕುಟುಂಬ ಪ್ರಾರ್ಥನೆಯಲ್ಲಿ ಆ ಮೊದಲ ಬೇಡಿಕೆ ಬಂದಾಗ ನನ್ನ ಬಾಯಿ ಕಟ್ಟುತ್ತಿತ್ತು. ಮಿಕ್ಕಿದ್ದೆಲ್ಲ ಹೇಳುತ್ತಿದ್ದೆ. ಅನ್ನ ಕೇಳುತ್ತಿದ್ದೆ, ಕ್ಷಮೆಯನ್ನಂತೂ ಕೇಳುತ್ತಲೇ ಇದ್ದೆ. ಆ ಒಂದು ಸಾಲನ್ನು ಮಾತ್ರ ಮನೆಯ ಬೇರೆಯವರ ದನಿ ಹೊತ್ತು ದಾಟಿಸುತ್ತಿತ್ತು. ಆಗಲೇ 'ಯಾರಿಂದ?' ಎಂಬ ಪ್ರಶ್ನೆ ಎದ್ದದ್ದು.

ಉತ್ತರಕ್ಕಾಗಿ ಹುಡುಕಿದೆ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆ ಇದೆ. ಬೈಗುಳದಲ್ಲಿ, ಆಣೆಯಲ್ಲಿ ದೇವರನ್ನು ತರಬಾರದು ಎಂದಷ್ಟೇ ನಮಗೆ ಭಾನುವಾರದ ಶಾಲೆಯಲ್ಲಿ ಕಲಿಸಿದ್ದರು. ಆದರೆ ಯೆಹೆಜ್ಕೇಲನ ಗ್ರಂಥದ 36ನೆಯ ಅಧ್ಯಾಯ ಓದಿದಾಗ ಎದೆ ಝಲ್ಲೆಂದಿತು. ತನ್ನ ಹೆಸರು ಜನಾಂಗಗಳ ನಡುವೆ ಕೆಟ್ಟಿದೆ ಎಂದು ದೇವರು ಅಲ್ಲಿ ನೊಂದುಕೊಳ್ಳುತ್ತಾನೆ. ಕೆಡಿಸಿದವರು ಅನ್ಯರಲ್ಲ, ಆ ಹೆಸರು ಹೊತ್ತ ಆತನ ಜನರೇ. ಕೊನೆಗೆ ಆ ಹೆಸರನ್ನು ತಾನೇ ಪವಿತ್ರಪಡಿಸುತ್ತೇನೆ ಎನ್ನುತ್ತಾನೆ. ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಸಣ್ಣ ಪ್ರಶ್ನೋತ್ತರ ಪುಸ್ತಕದಲ್ಲಿ ಈ ಬೇಡಿಕೆಯನ್ನು ಹೀಗೆ ವಿವರಿಸುತ್ತಾನೆ: ದೇವರ ಹೆಸರು ತನ್ನಷ್ಟಕ್ಕೆ ಪವಿತ್ರವೇ, ನಮ್ಮ ನಡುವೆಯೂ ಅದು ಹಾಗಿರಲಿ ಎಂದು ಕೇಳುವುದೇ ಈ ಪ್ರಾರ್ಥನೆಯ ಅರ್ಥ. ನಮ್ಮ ನಡುವೆ ಎಂದರೆ ಎಲ್ಲಿ? ದೇವಾಲಯದಲ್ಲಿ ಮಾತ್ರವಲ್ಲ, ಚೀಟಿ ಪುಸ್ತಕದಲ್ಲಿ, ಹೂವಿನಕ್ಕನ ಎದುರು ಬಾಗಿಲಲ್ಲಿ.

ಇದು ನಮಗೆ ಹೊಸ ಮಾತೇನೂ ಅಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ "ತವರಿನ ಹೆಸರು ಉಳಿಸಮ್ಮ" ಎನ್ನುತ್ತೇವೆ. ಆಕೆ ಅಲ್ಲಿ ಹೋಗಿ ಅಪ್ಪನ ಹೆಸರನ್ನು ದಿನಕ್ಕೆ ನೂರು ಸಲ ಹೇಳಲಿ ಎಂದಲ್ಲವಲ್ಲ. ಒಂದು ಸಲವೂ ಹೇಳದೆ ಉಳಿಸಬಹುದು, ದಿನವೂ ಹೇಳುತ್ತಲೇ ಕೆಡಿಸಬಹುದು. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸು ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎನ್ನಿ ಎಂಬರ್ಥದಲ್ಲಿ ಹೇಳಿದ್ದರ ಗುಟ್ಟು ನನಗೆ ಆಗ ಹೊಳೆಯಿತು. ನನ್ನ ಮಾತಿಗೆ ತೂಕವಿದ್ದಿದ್ದರೆ ದೇವರ ಹೆಸರನ್ನು ತಕ್ಕಡಿಗೆ ಹಾಕುವ ಅಗತ್ಯವೇ ಬರುತ್ತಿರಲಿಲ್ಲ.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಬಂದದ್ದು. ಈಗ ಹೆಸರಿನಲ್ಲಿ ಬಂಗಾರವಿದೆ, ಊರಿನಲ್ಲಿ ಬಂಗಾರ ತೆಗೆಯುವುದಿಲ್ಲ. ಆಚೆ ಚಿನ್ನದ ಗಣಿಯ ಊರಿನಲ್ಲಿಯೂ ಈಗ ಉಳಿದಿರುವುದು ಸಯನೈಡ್ ಮಣ್ಣಿನ ಬೋಳು ಗುಡ್ಡಗಳು, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುವ ಮಕ್ಕಳು. ಹೆಸರು ಮಾತ್ರ ಚಿನ್ನದ್ದು. ರೈಲಿನ ಕಿಟಕಿಯಿಂದ ಆ ಗುಡ್ಡಗಳನ್ನು ನೋಡುವಾಗೆಲ್ಲ, ಶಿಲುಬೆಯ ಗುರುತು ಹಾಕಿದ ನನ್ನ ಆ ಲೆಕ್ಕದ ಪುಸ್ತಕ ನೆನಪಾಗುತ್ತದೆ.

ಈಗ ಅತ್ತೆಯವರಿಲ್ಲ. ನನ್ನ ಸೊಸೆ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಅದರಲ್ಲಿ ನನಗೇನೂ ಕೊರತೆ ಕಾಣುವುದಿಲ್ಲ, ಅವಳು ಅವನ ಮಾನ ಕಾಯುವುದನ್ನು ನೋಡಿದ್ದೇನೆ. ಮೊಬೈಲಿನಲ್ಲಿ ಬೆಳಗಾದರೆ ದೇವರ ಹೆಸರಿನ ಸಂದೇಶಗಳು, ಹತ್ತು ಜನಕ್ಕೆ ಕಳುಹಿಸಿದರೆ ಒಳ್ಳೆಯದಾಗುತ್ತದೆ ಎಂದು. ಆಟೋ ಹಿಂದೆ, ಅಂಗಡಿಯ ಫಲಕದಲ್ಲಿ, ಎಲ್ಲ ದೇವರುಗಳ ಹೆಸರೂ ಇದೆ. ನಾನು ಬೇರೆಯವರ ಫಲಕ ಓದಿ ನಗುವ ಅರ್ಹತೆ ಕಳೆದುಕೊಂಡವಳು. ಹೂವಿನಕ್ಕನ ಜಾಗದಲ್ಲಿ ಈಗ ಆಕೆಯ ಮಗಳು, ಅಂದು ಮದುವೆಯಾದವಳೇ, ಹೂವು ಮಾರುತ್ತಾಳೆ. ದೇವಾಲಯದ ಪೀಠಕ್ಕೆ ಹೂವು ಅವಳಿಂದಲೇ ಕೊಳ್ಳುತ್ತೇನೆ. ಚಿಲ್ಲರೆ ಇಲ್ಲದಿದ್ದರೆ "ನಾಳೆ ಕೊಡಿ ಆಂಟಿ" ಎನ್ನುತ್ತಾಳೆ. ನಾನು ನಾಳೆಗೆ ಬಿಡುವುದಿಲ್ಲ, ಪಕ್ಕದಂಗಡಿಗೆ ಹೋಗಿ ಮುರಿಸಿಕೊಂಡು ಬರುತ್ತೇನೆ.

2005ರಲ್ಲಿ ಕೊನೆಯ ಕಂತು ಕೊಟ್ಟು ಬಂದ ಸಂಜೆ ಅತ್ತೆಯವರು ಏನೂ ಹೇಳಲಿಲ್ಲ. ಪ್ರಾರ್ಥನೆಯ ಹೊತ್ತಿಗೆ ಸತ್ಯವೇದವನ್ನು ನನ್ನ ಕಡೆ ಸರಿಸಿ, "ಲೂಕನ ಪಕ್ಕದ್ದು ಓದು" ಎಂದರು, ಅಷ್ಟೆ. ಓದಿ ಮುಗಿಸಿ ಎಲ್ಲರ ಜೊತೆ ಕರ್ತನ ಪ್ರಾರ್ಥನೆ ಹೇಳಿದೆ, ಆ ಸಾಲನ್ನೂ ಸೇರಿಸಿ. ಆದರೆ ನಾಲ್ಕು ವರ್ಷದ ಅಭ್ಯಾಸ ಪೂರ್ತಿ ಹೋಗಿಲ್ಲ. ಭಾನುವಾರ ದೇವಾಲಯದಲ್ಲಿ ಆ ಬೇಡಿಕೆ ಬಂದಾಗ ಈಗಲೂ ಒಂದು ಉಸಿರಿನಷ್ಟು ಹೊತ್ತು ನಿಂತುಬಿಡುತ್ತೇನೆ. ಅಷ್ಟರಲ್ಲಿ ಸಭೆಯವರು ಮುಂದೆ ಹೋಗಿರುತ್ತಾರೆ. ಬೇಗ ಬೇಗ ಹೇಳಿಕೊಂಡು, ಅನ್ನದ ಬೇಡಿಕೆಯ ಹೊತ್ತಿಗೆ ಅವರನ್ನು ಕೂಡಿಕೊಳ್ಳುತ್ತೇನೆ.